ತೂಕ ಇಳಿಸುವ ಶಸ್ತ್ರಚಿಕಿತ್ಸೆ, ಚುಚ್ಚುಮದ್ದು: ಎರಡನೆಯ ವರ್ಷದ ಬದುಕು

ಬೊಜ್ಜು ಕರಗಬೇಕಾದರೆ ಮುಂಜಾನೆ ಎದ್ದು ಹಲಸೂರು ಕೆರೆಯ ದಂಡೆಯಲ್ಲಿ ನಡೆಯಬೇಕು, ರಾತ್ರಿ ಅನ್ನ ಬಿಟ್ಟು ಚಪಾತಿ ತಿನ್ನಬೇಕು ಎಂಬುದಷ್ಟೇ ತಿಳಿದಿದ್ದ ಕಾಲವೊಂದಿತ್ತು. ಇಂದು ನಗರದ ಪೂರ್ವ ಭಾಗದ ನಿವಾಸಿಗಳಿಗೆ ಜಠರವನ್ನು ಕಿರಿದುಗೊಳಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯೂ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧವೂ ಅಪರಿಚಿತವಲ್ಲ. ಆದರೆ ಜಾಹೀರಾತುಗಳು ತೋರಿಸುವುದೆಲ್ಲ ಮೊದಲ ವರ್ಷದ ಚಿತ್ರ. ತೂಕ ಇಳಿಯುವುದು ನಿಂತು, ಹಸಿವು ಮೆಲ್ಲನೆ ಮರಳಿ, ವೈದ್ಯರ ಭೇಟಿ ತಪ್ಪತೊಡಗುವ ಎರಡನೆಯ ವರ್ಷದ ಬಗ್ಗೆ ಹೇಳುವವರು ಕಡಿಮೆ. ಚಿಕಿತ್ಸೆಯ ಫಲ ಉಳಿಯುವುದೂ ಅಳಿಯುವುದೂ ಬಹುಪಾಲು ಆ ಅವಧಿಯಲ್ಲೇ.

ಇದು ಕೆಲವರ ಸಮಸ್ಯೆಯೇನಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2019-20ರಲ್ಲಿ ಕರ್ನಾಟಕದ ಮಹಿಳೆಯರಲ್ಲಿ ಶೇ. 30ರಷ್ಟು, ಪುರುಷರಲ್ಲಿ ಶೇ. 31ರಷ್ಟು ಮಂದಿ ಅಧಿಕ ತೂಕದವರು ಅಥವಾ ಸ್ಥೂಲಕಾಯರು. 2015-16ರ ಸಮೀಕ್ಷೆಯಲ್ಲಿ ಈ ಪ್ರಮಾಣ ಕ್ರಮವಾಗಿ ಶೇ. 23 ಮತ್ತು 22ರಷ್ಟಿತ್ತು.

ಯಾವುದು ಏನು?

ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಗಳಲ್ಲಿ ಎರಡು ಹೆಚ್ಚು ಬಳಕೆಯಲ್ಲಿವೆ. ಸ್ಲೀವ್ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆಯಷ್ಟನ್ನೇ ಉಳಿಸುತ್ತಾರೆ. ಬೈಪಾಸ್ ವಿಧಾನದಲ್ಲಿ ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲವೊಂದನ್ನು ಮಾಡಿ, ಅದನ್ನು ನೇರವಾಗಿ ಸಣ್ಣಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಎರಡರಲ್ಲೂ ಊಟದ ಪ್ರಮಾಣ ಕುಗ್ಗುವುದಷ್ಟೇ ಅಲ್ಲ, ಹಸಿವನ್ನು ನಿಯಂತ್ರಿಸುವ ಹಾರ್ಮೋನುಗಳೂ ಬದಲಾಗುತ್ತವೆ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಔಷಧಗಳು ಕರುಳಿನ ಇಂಥ ಹಾರ್ಮೋನುಗಳನ್ನೇ ಅನುಕರಿಸಿ ಹೊಟ್ಟೆ ತುಂಬಿದ ಭಾವವನ್ನು ಉಂಟುಮಾಡುತ್ತವೆ.

ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ ಈ ಗುಂಪಿಗೆ ಸೇರದು. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ನಿಧನರಾದಾಗ ಎರಡನ್ನೂ ಒಂದೆಂದು ತಿಳಿದವರೇ ಬಹಳ. ಲೈಪೊಸಕ್ಷನ್ ದೇಹದ ಆಕಾರಕ್ಕಾಗಿ ಮಾಡುವ ಸೌಂದರ್ಯ ಚಿಕಿತ್ಸೆ. ಅದು ಮಧುಮೇಹಕ್ಕಾಗಲೀ ಸ್ಥೂಲಕಾಯಕ್ಕಾಗಲೀ ಮದ್ದಲ್ಲ.

ತೂಕ ಏಕೆ ಮರಳುತ್ತದೆ?

1987ರಲ್ಲಿ ಆರಂಭವಾದ ಸ್ವೀಡನ್ನಿನ ದೀರ್ಘ ಅಧ್ಯಯನದಲ್ಲಿ ಬೈಪಾಸ್ ಮಾಡಿಸಿಕೊಂಡವರ ತೂಕ ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇ. 32ರಷ್ಟು ಇಳಿದಿತ್ತು; ಹತ್ತು ವರ್ಷಗಳ ನಂತರ ಉಳಿದ ಇಳಿಕೆ ಶೇ. 25. ಅಂದರೆ ಸ್ವಲ್ಪ ತೂಕ ಮರಳುವುದು ಸಹಜ, ಅದು ಸೋಲಲ್ಲ. ಅದೇ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಸಾವಿನ ಪ್ರಮಾಣವೂ ಕಡಿಮೆಯಿತ್ತು.

ಔಷಧದ ಕತೆ ಬೇರೆ. ಸೆಮಾಗ್ಲುಟೈಡ್ ಪ್ರಯೋಗವೊಂದರಲ್ಲಿ 68 ವಾರಗಳಲ್ಲಿ ಸರಾಸರಿ ಶೇ. 15ರಷ್ಟು ತೂಕ ಇಳಿಯಿತು. ಔಷಧ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರರಲ್ಲಿ ಎರಡು ಪಾಲು ಹಿಂದಿರುಗಿತು. ತೂಕ ಕಳೆದುಕೊಂಡ ದೇಹವು ಹಸಿವನ್ನು ಹೆಚ್ಚಿಸಿ, ಶಕ್ತಿಯ ಖರ್ಚನ್ನು ತಗ್ಗಿಸಿ ಹಳೆಯ ಸ್ಥಿತಿಗೆ ಮರಳಲು ಹೆಣಗುತ್ತದೆ. ಇದನ್ನು ನಾಲಿಗೆಯ ಚಪಲವೆಂದು ಜರೆಯುವ ಬಂಧುಗಳಿಗೆ ಶರೀರಶಾಸ್ತ್ರ ತಿಳಿಯದು. ರಕ್ತದೊತ್ತಡದ ಗುಳಿಗೆ ಬಿಟ್ಟರೆ ಒತ್ತಡ ಏರುವಂತೆಯೇ ಇದೂ.

ಆದ್ದರಿಂದ ಎಷ್ಟು ಕಾಲ ಔಷಧ ತೆಗೆದುಕೊಳ್ಳಬೇಕು, ನಿಲ್ಲಿಸುವುದಾದರೆ ಹೇಗೆ ಎಂಬುದನ್ನು ಮೊದಲ ಚುಚ್ಚುಮದ್ದಿಗೆ ಮುನ್ನವೇ ವೈದ್ಯರೊಡನೆ ಮಾತನಾಡಿಕೊಳ್ಳುವುದು ಒಳಿತು. ನಿಲುಗಡೆಗೆ ಹಣವೂ ಒಂದು ಕಾರಣ. 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಾಗ ಮೌಂಜಾರೊದ ಅತ್ಯಂತ ಕಡಿಮೆ ಪ್ರಮಾಣದ ಒಂದು ವಾರದ ಸೀಸೆಗೆ 3,500 ರೂಪಾಯಿ ಇತ್ತು, ತಿಂಗಳಿಗೆ 14,000. ಅದೇ ವರ್ಷ ಜೂನ್‌ನಲ್ಲಿ ಸೆಮಾಗ್ಲುಟೈಡ್‌ನ ವೆಗೊವಿ ಬಂತು. 2026ರ ಮಾರ್ಚ್‌ನಲ್ಲಿ ಸೆಮಾಗ್ಲುಟೈಡ್‌ನ ಪೇಟೆಂಟ್ ಅವಧಿ ಮುಗಿದು ದೇಶೀಯ ಕಂಪನಿಗಳ ಅಗ್ಗದ ಔಷಧಕ್ಕೆ ದಾರಿಯಾಯಿತು. ಬೆಲೆ ಇಳಿದಷ್ಟೂ ಚೀಟಿಯಿಲ್ಲದೆ ಕೊಳ್ಳುವ ಆಸೆ ಹೆಚ್ಚುತ್ತದೆ. ಮೇದೋಜೀರಕ ಗ್ರಂಥಿಯ ಉರಿಯೂತ, ಪಿತ್ತಕೋಶದ ಕಲ್ಲು ಇದರ ಅಪರೂಪದ, ಆದರೆ ಗಂಭೀರವಾದ ತೊಂದರೆಗಳು. ಬೆನ್ನಿಗೆ ಹರಿಯುವ ತೀವ್ರ ಹೊಟ್ಟೆನೋವನ್ನು ಗ್ಯಾಸ್ಟ್ರಿಕ್ ಎಂದು ಕಡೆಗಣಿಸಬಾರದು.

ಮುದ್ದೆ, ಸಾರು ಮತ್ತು ಸಣ್ಣ ಹೊಟ್ಟೆ

ಪುಸ್ತಕದಲ್ಲಿ ಸಿಗುವ ಆಹಾರಪಟ್ಟಿಗಳು ಹೆಚ್ಚಾಗಿ ಕೋಳಿಯ ಎದೆಭಾಗ, ಗ್ರೀಕ್ ಮೊಸರುಗಳನ್ನೇ ಹೇಳುತ್ತವೆ. ಕನ್ನಡ ನಾಡಿನ ಅಡುಗೆಮನೆಗೆ ಬೇರೆಯದೇ ಲೆಕ್ಕ ಬೇಕು.

ಶಸ್ತ್ರಚಿಕಿತ್ಸೆಯಾದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕೆಂಬುದು ಸಾಮಾನ್ಯ ಸಲಹೆ. ಎರಡು ಇಡ್ಲಿಯಲ್ಲಿ ಸಿಗುವುದು ನಾಲ್ಕು ಗ್ರಾಂ ಆಸುಪಾಸು. ಒಂದು ಮೊಟ್ಟೆಯಲ್ಲಿ ಆರು, ಒಂದು ಲೋಟ ಹಾಲಿನಲ್ಲಿ ಆರು, ನೂರು ಗ್ರಾಂ ಪನೀರಿನಲ್ಲಿ ಸುಮಾರು ಹದಿನೆಂಟು ಗ್ರಾಂ. ಒಣ ತೊಗರಿಬೇಳೆ, ಹುರುಳಿಕಾಳುಗಳಲ್ಲಿ ನೂರು ಗ್ರಾಂಗೆ ಇಪ್ಪತ್ತಕ್ಕೂ ಹೆಚ್ಚು. ಒಣ ಸೋಯಾ ಚಂಕ್ಸ್‌ನಲ್ಲಿ ಐವತ್ತರಷ್ಟು. ಒಂದು ಹೊತ್ತಿಗೆ ಅರ್ಧ ಬಟ್ಟಲಷ್ಟೇ ಹಿಡಿಸುವ ಹೊಟ್ಟೆಯಲ್ಲಿ ಅನ್ನಕ್ಕೆ ಮೊದಲ ಜಾಗ ಕೊಟ್ಟರೆ ಕಾಳಿಗೆ ಜಾಗ ಉಳಿಯದು. ತಟ್ಟೆಯಲ್ಲಿ ಮೊದಲು ಮುಗಿಯಬೇಕಾದದ್ದು ಕಾಳು, ಮೊಟ್ಟೆ, ಮೀನು ಅಥವಾ ಪನೀರು, ನಂತರ ಪಲ್ಯ, ಅನ್ನ, ಮುದ್ದೆಗಳು ಕೊನೆಗೆ.

ಬಸ್ಸಾರು ಮಾಡುವ ಮನೆಗಳಲ್ಲಿ ಇನ್ನೊಂದು ಎಡವಟ್ಟಾಗುತ್ತದೆ. ಹುರುಳಿಕಾಳು ಬೇಯಿಸಿ ಬಸಿದ ಕಟ್ಟಿನಿಂದ ಮಾಡಿದ ಸಾರೇ ಶಕ್ತಿಯೆಂಬ ನಂಬಿಕೆ ಹಳೆಯದು. ಪ್ರೋಟೀನಿನ ಬಹುಭಾಗ ಉಳಿಯುವುದು ಬಸಿದ ಕಾಳಿನಲ್ಲಿ. ಸಾರು ಕುಡಿದು ಪಲ್ಯ ಬಿಟ್ಟವರಿಗೆ ಹೊಟ್ಟೆ ತುಂಬುತ್ತದೆ, ಸ್ನಾಯು ಸೊರಗುತ್ತದೆ.

ರಾಗಿಮುದ್ದೆಯ ಪ್ರಶ್ನೆ ವಿಚಿತ್ರವಾದದ್ದು. ಕ್ಯಾಲ್ಸಿಯಂ ದೃಷ್ಟಿಯಿಂದ ರಾಗಿಗೆ ಸಾಟಿಯಿಲ್ಲ, ನೂರು ಗ್ರಾಂನಲ್ಲಿ 350 ಮಿಲಿಗ್ರಾಂ ಮೀರುತ್ತದೆ. ಆದರೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುವುದು ರೂಢಿ. ಪ್ರತಿ ತುತ್ತನ್ನೂ ಇಪ್ಪತ್ತು ಬಾರಿ ಅಗಿಯಿರಿ ಎನ್ನುವ ಸಲಹೆಗೆ ಇದು ನೇರ ವಿರುದ್ಧ. ಮೊದಲ ತಿಂಗಳುಗಳಲ್ಲಿ ನುಂಗಿದ ಮುದ್ದೆ ಕಿರಿದಾದ ಜಠರದಲ್ಲಿ ಸಿಕ್ಕಿ ನೋವು, ವಾಂತಿ ತರಬಹುದು. ಆ ಅವಧಿಗೆ ತೆಳು ರಾಗಿ ಗಂಜಿ, ಅಂಬಲಿಗಳು ಸೂಕ್ತ. ಮುದ್ದೆಗೆ ಮರಳುವಾಗ ಗೋಲಿಗಾತ್ರದ ತುತ್ತು ಸಾಕು.

ಇದಕ್ಕೆ ತದ್ವಿರುದ್ಧವಾದ ಅಪಾಯ ಎರಡನೆಯ ವರ್ಷದ್ದು. ಕಲಸಿ ಮೆತ್ತಗಾದ ಸಾರನ್ನ, ಮೊಸರನ್ನ, ಪಾಯಸ, ಸಕ್ಕರೆ ಹಾಕಿದ ಕಾಫಿ, ಹಣ್ಣಿನ ರಸ ಇವು ಸಣ್ಣ ಜಠರವನ್ನು ಸಲೀಸಾಗಿ ದಾಟಿಹೋಗುತ್ತವೆ. ಗಟ್ಟಿ ಆಹಾರ ತಡೆಯೊಡ್ಡುತ್ತದೆ, ಮೆತ್ತನೆಯದು ಒಡ್ಡುವುದಿಲ್ಲ. ದರ್ಶಿನಿಯಲ್ಲಿ ನಿಂತು ದಿನಕ್ಕೆ ನಾಲ್ಕು ಕಾಫಿ ಕುಡಿಯುವವರು ತಾವು ಏನನ್ನೂ ತಿನ್ನುತ್ತಿಲ್ಲ ಎನ್ನುವುದು ಸುಳ್ಳಲ್ಲ, ಕುಡಿಯುತ್ತಿದ್ದಾರೆ ಅಷ್ಟೆ. ಊಟದ ಜೊತೆ ನೀರು ಕುಡಿಯದೆ ಅರ್ಧ ಗಂಟೆ ಬಿಟ್ಟು ಕುಡಿಯಬೇಕೆಂಬ ನಿಯಮವೂ ಇದಕ್ಕಾಗಿಯೇ. ಬೈಪಾಸ್ ಆದವರು ಮೈಸೂರುಪಾಕು, ಜಾಮೂನು ತಿಂದರೆ ಎದೆಬಡಿತ, ಬೆವರು, ಭೇದಿ ಕಾಣಿಸಬಹುದು. ಇದಕ್ಕೆ ಡಂಪಿಂಗ್ ಎಂದು ಹೆಸರು.

ಮದುವೆ ಮನೆಯ ಪಂಕ್ತಿಯಲ್ಲಿ "ಇಷ್ಟೇನಾ ಊಟ, ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳಿ" ಎಂಬ ಉಪಚಾರವನ್ನು ನಿಭಾಯಿಸುವುದು ಯಾವ ಆಹಾರಪಟ್ಟಿಯಲ್ಲೂ ಇಲ್ಲದ ಕಷ್ಟ. ಶಸ್ತ್ರಚಿಕಿತ್ಸೆಯ ವಿಷಯ ಮುಚ್ಚಿಟ್ಟವರಿಗೆ ಅದು ಇನ್ನೂ ಹೆಚ್ಚು.

ಕಾಣದ ಕೊರತೆಗಳು

ಬಿ12 ವಿಟಮಿನ್ ಯಕೃತ್ತಿನಲ್ಲಿ ವರ್ಷಗಟ್ಟಲೆ ದಾಸ್ತಾನಿರುತ್ತದೆ. ಹೀಗಾಗಿ ಅದರ ಕೊರತೆ ಶಸ್ತ್ರಚಿಕಿತ್ಸೆಯಾದ ಕೂಡಲೇ ಅಲ್ಲ, ಎಲ್ಲ ಸರಿಹೋಯಿತೆಂದು ಮಾತ್ರೆ ಬಿಟ್ಟ ಮೇಲೆ ಕಾಣಿಸುತ್ತದೆ: ಕಾಲುಗಳಲ್ಲಿ ಜುಮ್ಮೆನ್ನುವಿಕೆ, ಮರೆವು, ಸುಸ್ತು. ಸಸ್ಯಾಹಾರಿಗಳಲ್ಲಿ, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ದಾಸ್ತಾನು ಮೊದಲೇ ಕಡಿಮೆಯಿರಬಹುದು. ಬಿ12, ಕಬ್ಬಿಣ, ವಿಟಮಿನ್ ಡಿ, ಕ್ಯಾಲ್ಸಿಯಂಗಳನ್ನು ಜೀವನಪರ್ಯಂತ ತೆಗೆದುಕೊಳ್ಳಬೇಕು, ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ಮಾಡಿಸಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಎರಡು ಗಂಟೆಯ ಅಂತರ ಬೇಕು. ಕಬ್ಬಿಣದ ಮಾತ್ರೆಯನ್ನು ಕಾಫಿ, ಚಹಾದೊಂದಿಗೆ ನುಂಗಬಾರದು.

ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುವುದು ಹೆಚ್ಚಾಗಿ ತಾತ್ಕಾಲಿಕ. ಸ್ನಾಯುವಿನ ನಷ್ಟ ಹಾಗಲ್ಲ. ಶಸ್ತ್ರಚಿಕಿತ್ಸೆಯಾಗಲಿ ಚುಚ್ಚುಮದ್ದಾಗಲಿ, ಇಳಿದ ತೂಕದ ಕಾಲುಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಕೊಬ್ಬಲ್ಲ. ಔಷಧ ನಿಲ್ಲಿಸಿದಾಗ ಮರಳುವುದು ಮುಖ್ಯವಾಗಿ ಕೊಬ್ಬು. ಕೆರೆಯ ದಂಡೆಯ ನಡಿಗೆ ಹೃದಯಕ್ಕೆ ಒಳ್ಳೆಯದಾದರೂ ಸ್ನಾಯು ಉಳಿಸಲು ಅದೊಂದೇ ಸಾಲದು. ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ವ್ಯಾಯಾಮ, ಕುರ್ಚಿಯಿಂದ ಕೈಯೂರದೆ ಎದ್ದು ಕೂರುವ ಅಭ್ಯಾಸ ಬೇಕು. ಹಲಸೂರು ಮೆಟ್ರೊ ನಿಲ್ದಾಣದಲ್ಲಿ ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತುವುದಕ್ಕೆ ಶುಲ್ಕವಿಲ್ಲ.

ಮದ್ಯ, ಮಾತ್ರೆ, ವಿಮೆ

ಬೈಪಾಸ್ ನಂತರ ಮದ್ಯ ಬೇಗ ರಕ್ತಕ್ಕೇರುತ್ತದೆ. 2012ರಲ್ಲಿ 'ಜಾಮಾ' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಮದ್ಯವ್ಯಸನದ ಸಮಸ್ಯೆ ಮೊದಲ ವರ್ಷ ಹೆಚ್ಚಲಿಲ್ಲ. ಎರಡನೆಯ ವರ್ಷ ಶೇ. 7ರ ಆಸುಪಾಸಿನಿಂದ ಶೇ. 9.6ಕ್ಕೆ ಏರಿತು. ವಾರಾಂತ್ಯದಲ್ಲಿ ಇಂದಿರಾನಗರದ ಪಬ್ಬುಗಳಿಗೆ ಹೋಗುವ ತರುಣರು ಇದನ್ನು ಗಮನಿಸಬೇಕು.

ತೂಕ ಇಳಿದಂತೆ ಇನ್ಸುಲಿನ್, ರಕ್ತದೊತ್ತಡದ ಮಾತ್ರೆಗಳ ಪ್ರಮಾಣ ಇಳಿಯಬೇಕು. ಹಳೆಯ ಚೀಟಿಯನ್ನೇ ಮುಂದುವರಿಸಿದರೆ ಸಕ್ಕರೆಯೂ ಒತ್ತಡವೂ ಅಪಾಯಕರವಾಗಿ ಕುಸಿಯಬಹುದು. ಬೈಪಾಸ್ ಆದವರು ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಿದರೆ ಹೊಟ್ಟೆಯ ಹುಣ್ಣಿಗೆ ಆಹ್ವಾನ. ಶಸ್ತ್ರಚಿಕಿತ್ಸೆಯಾದ ಒಂದರಿಂದ ಒಂದೂವರೆ ವರ್ಷ ಗರ್ಭಧಾರಣೆ ಬೇಡ. ಸೆಮಾಗ್ಲುಟೈಡ್ ಬಳಸುವವರು ಗರ್ಭ ಧರಿಸುವ ಯೋಜನೆಗೆ ಎರಡು ತಿಂಗಳು ಮೊದಲೇ ಅದನ್ನು ನಿಲ್ಲಿಸಬೇಕು.

ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ರೂಪಿಸಿದ ಏಕರೂಪ ಷರತ್ತಿನ ಪ್ರಕಾರ ಬಿಎಂಐ 40 ಅಥವಾ ಹೆಚ್ಚಿದ್ದರೆ, ಇಲ್ಲವೇ 35 ಅಥವಾ ಹೆಚ್ಚಿದ್ದು ಹತೋಟಿಗೆ ಬಾರದ ಮಧುಮೇಹ, ಹೃದ್ರೋಗ, ತೀವ್ರ ನಿದ್ರಾ ಉಸಿರುಗಟ್ಟುವಿಕೆಯಂಥ ಕಾಯಿಲೆಗಳಿದ್ದರೆ ಮಾತ್ರ ಶಸ್ತ್ರಚಿಕಿತ್ಸೆಗೆ ರಕ್ಷಣೆ. ಏಷ್ಯಾದ ಜನರಿಗೆ ಬಿಎಂಐ 27.5ರಿಂದಲೇ ಶಸ್ತ್ರಚಿಕಿತ್ಸೆಯ ಅವಕಾಶ ನೀಡಬೇಕೆಂದು ಅಂತರರಾಷ್ಟ್ರೀಯ ಶಸ್ತ್ರವೈದ್ಯ ಸಂಘಟನೆಗಳು 2022ರಲ್ಲಿ ಹೇಳಿದವು. ಈ ಅಂತರದಲ್ಲಿ ಸಿಲುಕಿದವರು ಪೂರ್ತಿ ಹಣವನ್ನು ಕೈಯಿಂದಲೇ ಕಟ್ಟಬೇಕು. ಜೀವನಪರ್ಯಂತದ ಮಾತ್ರೆ, ಪರೀಕ್ಷೆಗಳ ಖರ್ಚನ್ನು ಆ ಲೆಕ್ಕಕ್ಕೆ ಮೊದಲೇ ಸೇರಿಸುವುದು ಜಾಣತನ.

ತುರ್ತು ಸ್ಥಿತಿ

ಎರಡು ಮೂರು ದಿನ ನಿಲ್ಲದ ವಾಂತಿಯನ್ನು ಅಜೀರ್ಣವೆಂದು ತಳ್ಳಿಹಾಕುವಂತಿಲ್ಲ. ದೇಹದಲ್ಲಿ ಥಯಮಿನ್ ಎಂಬ ಬಿ1 ವಿಟಮಿನ್‌ನ ದಾಸ್ತಾನು ಕೆಲವೇ ವಾರಗಳದ್ದು. ಅದು ಬರಿದಾದಾಗ ಕಣ್ಣಿನ ಚಲನೆ, ನಡಿಗೆ, ನೆನಪು ಹದಗೆಟ್ಟು ಮೆದುಳಿಗೆ ಶಾಶ್ವತ ಹಾನಿಯಾಗಬಹುದು. ಇಂಥ ರೋಗಿಗೆ ಥಯಮಿನ್ ಕೊಡದೆ ಗ್ಲೂಕೋಸ್ ಡ್ರಿಪ್ ಏರಿಸಿದರೆ ಸ್ಥಿತಿ ಬಿಗಡಾಯಿಸುತ್ತದೆ. ಬೌರಿಂಗ್ ಆಸ್ಪತ್ರೆಯಿರಲಿ, ಮನೆಯ ಹತ್ತಿರದ ನರ್ಸಿಂಗ್ ಹೋಮ್ ಇರಲಿ, ರಾತ್ರಿ ಪಾಳಿಯ ವೈದ್ಯರಿಗೆ ರೋಗಿಯ ಹಿಂದಿನ ಶಸ್ತ್ರಚಿಕಿತ್ಸೆಯ ವಿಷಯ ತಿಳಿದಿರುವುದಿಲ್ಲ. ಯಾವ ಶಸ್ತ್ರಚಿಕಿತ್ಸೆ, ಯಾವ ವರ್ಷ, ಈಗ ಯಾವ ಚುಚ್ಚುಮದ್ದು ಎಂಬಿಷ್ಟನ್ನು ಬರೆದ ಚೀಟಿ ಪರ್ಸಿನಲ್ಲಿರಬೇಕು, ಮನೆಯವರಲ್ಲಿ ಒಬ್ಬರಿಗಾದರೂ ಅದು ಗೊತ್ತಿರಬೇಕು.