ರೆಟಿನಾಯ್ಡ್ ಲೇಪಗಳ ಬದಲಾವಣೆ

ಮೊಡವೆಗೆ ಹಚ್ಚುತ್ತಿದ್ದ ಒಂದು ರೆಟಿನಾಯ್ಡ್ ಲೇಪವನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಕ್ರಮ. ಎ ಜೀವಸತ್ತ್ವದ ಬಳಗಕ್ಕೆ ಸೇರಿದ ಈ ಔಷಧಗಳು ರೋಮಕೂಪದ ಬಾಯಿ ಕಟ್ಟದಂತೆ ತಡೆಯುತ್ತವೆ. ಅಮೆರಿಕದಲ್ಲಿ ಟ್ರೆಟಿನಾಯಿನ್‌ಗೆ 1971ರಲ್ಲಿ, ಅಡಾಪಲೀನ್‌ಗೆ 1996ರಲ್ಲಿ ಅನುಮತಿ ಸಿಕ್ಕಿತು.

ಉರಿ, ಸಿಪ್ಪೆ ಹೆಚ್ಚಾದರೆ ಟ್ರೆಟಿನಾಯಿನ್‌ನಿಂದ ಸೌಮ್ಯವಾದ ಅಡಾಪಲೀನ್‌ಗೆ ಬರುವುದುಂಟು. ಗುಣ ಸಾಲದಿದ್ದರೆ ಶೇ. 0.1ರ ಅಡಾಪಲೀನ್‌ನಿಂದ ಶೇ. 0.3ಕ್ಕೆ, ಇಲ್ಲವೇ ಟ್ರೆಟಿನಾಯಿನ್‌ಗೆ ಹೋಗುವುದುಂಟು. ಫಲ ಕಾಣಲು ಸುಮಾರು 12 ವಾರ ಬೇಕು. ಮೊದಮೊದಲು ಮೊಡವೆ ಉಲ್ಬಣಿಸಿದಂತೆ ಕಾಣುವುದರಿಂದ ಕೆಲವರು ಅವಸರಕ್ಕೆ ಬಿದ್ದು ಟ್ಯೂಬು ಬದಲಿಸುತ್ತಾರೆ. ಹಳೆಯದು, ಹೊಸದು ಎರಡನ್ನೂ ಒಟ್ಟಿಗೆ ಹಚ್ಚಬಾರದು. ಉರಿ ಇಳಿದ ಮೇಲೆ, ಒಣಗಿದ ಮುಖಕ್ಕೆ ಬಟಾಣಿ ಕಾಳಿನಷ್ಟು ಲೇಪವನ್ನು ರಾತ್ರಿ ಬಿಟ್ಟು ರಾತ್ರಿ ತೆಳುವಾಗಿ ಸವರಿ ಶುರುಮಾಡುವುದು ವಾಡಿಕೆ. ಸಾಮಾನ್ಯ ಟ್ರೆಟಿನಾಯಿನ್ ಬೆಳಕಿಗೂ ಮೊಡವೆಯ ಇನ್ನೊಂದು ಮದ್ದಾದ ಬೆಂಜಾಯಿಲ್ ಪೆರಾಕ್ಸೈಡ್‌ಗೂ ಕೆಡುತ್ತದೆ; ಅಡಾಪಲೀನ್ ತಾಳಿಕೊಳ್ಳುತ್ತದೆ.

ಮಂಡ್ಯ, ಮದ್ದೂರು, ಮಳವಳ್ಳಿಯ ಕಬ್ಬು, ಭತ್ತದ ಗದ್ದೆಗಳಲ್ಲಿ ದಿನವಿಡೀ ದುಡಿಯುವವರಿಗೆ ಬಿಸಿಲೇ ಮುಖ್ಯ ತೊಡಕು: ಸನ್‌ಸ್ಕ್ರೀನ್ ಜೊತೆಗೆ ತಲೆಗೆ ಟವೆಲ್ಲೋ ಸೆರಗೋ ಇರಲೇಬೇಕು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ 'ಬೆಳ್ಳಗಾಗುವ' ಕ್ರೀಮುಗಳ ವಿಚಾರವೇ ಬೇರೆ. ಟ್ರೆಟಿನಾಯಿನ್, ಹೈಡ್ರೋಕ್ವಿನೋನ್, ಸ್ಟೀರಾಯ್ಡ್ ಬೆರೆತ ಇಂಥ ಕ್ರೀಮನ್ನು ತಟ್ಟನೆ ಬಿಟ್ಟರೆ ಮುಖ ಕೆಂಪಾಗಿ ಉರಿಯಬಹುದು. ಅದಕ್ಕೆ ವೈದ್ಯರ ನಿಗಾ ಬೇಕು. ಮಂಡ್ಯ ಜಿಲ್ಲೆಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೆಂದರೆ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಮಿಮ್ಸ್). ಗರ್ಭಿಣಿಯರು, ಗರ್ಭ ಧರಿಸಲು ಬಯಸುವವರು ಯಾವ ರೆಟಿನಾಯ್ಡ್ ಲೇಪವನ್ನೂ ಹಚ್ಚಬಾರದು.