ಆಹಾರ ನೀತಿ ಮತ್ತು ಬೊಜ್ಜು (ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ)

ಬಾಗಲಕೋಟೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಮೂಲ ಊಟ ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ, ಕಾಳುಪಲ್ಯ, ಶೇಂಗಾ ಚಟ್ನಿ. ಕೃಷ್ಣಾ, ಘಟಪ್ರಭಾ ನೀರು ಹರಿದಲ್ಲೆಲ್ಲ ಹೊಲ ಕಬ್ಬಿಗೆ ತಿರುಗಿತು. ಜಮಖಂಡಿ ಭಾಗದಲ್ಲಿ 1989ರಲ್ಲಿ ರೈತರೇ ಕಟ್ಟಿಕೊಂಡ ಚಿಕ್ಕಪಡಸಲಗಿ ಬ್ಯಾರೇಜೂ ಇದಕ್ಕೆ ಬಲ ಕೊಟ್ಟಿತು. ಕಾರ್ಖಾನೆಗಳು ಕಬ್ಬಿಗೆ ಕೊಡಲೇಬೇಕಾದ ದರವನ್ನು ಕೇಂದ್ರವೇ ನಿಗದಿ ಮಾಡುತ್ತದೆ. ಜೋಳಕ್ಕೂ ಬೆಂಬಲ ಬೆಲೆಯುಂಟು, ಖರೀದಿ ಕೇಂದ್ರ ತೆರೆದರೆ! 2013ರ ಅನ್ನಭಾಗ್ಯ ಪಡಿತರ ಯೋಜನೆ ಹಸಿವು ತಗ್ಗಿಸಿತು, ನಿಜ. ಆದರೆ ಪಡಿತರದಲ್ಲಿ ಅಕ್ಕಿಯದೇ ಮೇಲುಗೈ. ಹೊಲದಿಂದ ದಣಿದು ಬಂದವರು ರೊಟ್ಟಿ ಬಡಿಯುವ ಬದಲು ಅನ್ನಕ್ಕೆ ಇಡುವುದು ಸಹಜ. ಹೀಗೆ ನೀತಿಯೇ ತಟ್ಟೆಯನ್ನು ಬದಲಿಸಿರುವಾಗ, ಇಲ್ಲಿಯ ಬೊಜ್ಜು, ಸಕ್ಕರೆ ಕಾಯಿಲೆಗಳನ್ನು ಬರೀ ಬಾಯಿಚಪಲದ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಸಿರಿಧಾನ್ಯಕ್ಕೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಕೊಡುವ ರಾಜ್ಯದ ‘ರೈತ ಸಿರಿ’ ಯೋಜನೆಯ ಒತ್ತೂ ನವಣೆ, ಸಾಮೆಗಳ ಮೇಲೆ. ರೊಟ್ಟಿಯ ಜೋಳದ ಮೇಲಲ್ಲ.