ಕಿವಿಗೆ ಕೇಳೋ ಸಾಮಾನಿಗೊಂದು ಜಾಗ

ಈಗ ಮನೆಮನೇಲೂ ಹೆಡ್‌ಫೋನ್ ಇದೆ, ಇಡೋಕೊಂದು ಜಾಗ ಮಾತ್ರ ಇಲ್ಲ. ಮಂಚದ ಮೇಲೆ, ದಿಂಬಿನ ಕೆಳಗೆ ಬಿದ್ದು ಮೆತ್ತೆ ಹರಿಯತ್ತೆ, ವೈರು ಕಿತ್ತುಹೋಗತ್ತೆ. ಕೇಳೋ ಸಾಮಾನಿಗೆ ಮರ್ಯಾದೆ ಕೊಟ್ಟ ಊರು ಕಣ್ರೀ ನಮ್ಮದು.

1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದ್ಲೇ, 30 ವಾಟಿನ ಪುಟ್ಟ ಯಂತ್ರ ಇಟ್ಕೊಂಡು ರೇಡಿಯೋ ಪ್ರಸಾರ ಶುರು ಮಾಡಿದ್ರು. ಅದೇ 'ಆಕಾಶವಾಣಿ'. ಮುಂದೆ ಇಡೀ ದೇಶದ ರೇಡಿಯೋಗೂ ಅದೇ ಹೆಸರಾಯ್ತು. ರೇಡಿಯೋ ಬಂದ ಮನೆಗಳಲ್ಲಿ ಗೋಡೆಗೊಂದು ಮರದ ಹಲಗೆ, ಪೆಟ್ಟಿಗೆ ಮೇಲೊಂದು ಕಸೂತಿ ಬಟ್ಟೆ. ಸುತ್ತ ಮನೆಯವರ ಜೊತೆ ಅಕ್ಕಪಕ್ಕದವರೂ ಕೂರ್ತಿದ್ರು.

ಹೆಡ್‌ಫೋನಿನ ಕಥೆಯೂ ಮನೆಯೊಳಗಿಂದ್ಲೇ ಬಂದದ್ದು. ಅಮೆರಿಕದ ನಥಾನಿಯಲ್ ಬಾಲ್ಡ್ವಿನ್ 1910ರ ಸುಮಾರಿಗೆ ತಮ್ಮ ಅಡುಗೆಮನೇಲಿ ಅವನ್ನ ಜೋಡಿಸಿ, ಅಲ್ಲಿನ ನೌಕಾಪಡೆಗೆ ಮಾರ್ತಿದ್ರು.

ಅದಕ್ಕೂ ಒಂದು ಸ್ಟ್ಯಾಂಡ್ ಮನೇಲೇ ಮಾಡ್ಬಹುದು. ಮುರಿದ ತೊಟ್ಟಿಲ ಕಾಲು, ಹಳೇ ಬಾಗಿಲ ಚೌಕಟ್ಟಿನ ತುಂಡು, ಯಾವುದಾದ್ರೂ ಸರಿ. ಕೆಳಗೆ ಅಗಲವಾದ, ತೂಕದ ಹಲಗೆ. ನಡುವೆ ಸುಮಾರು 10 ಇಂಚಿನ ಕಂಬ. ಮೇಲೆ 2 ಇಂಚು ಅಗಲದ, ಗುಂಡಗೆ ಉಜ್ಜಿದ ತುಂಡು. ಚೂಪು ಅಂಚಿದ್ರೆ ಮೆತ್ತೆಗೆ ಗುಳಿ ಬೀಳತ್ತೆ, ಅದಕ್ಕೇ ಹಳೇ ಸೀರೆ ಬಟ್ಟೆ ಸುತ್ತಿ.

ಅದನ್ನ ಮಕ್ಕಳ ರೂಮಲ್ಲಿ ಇಡ್ಬೇಡಿ, ರೇಡಿಯೋ ಇದ್ದ ನಡುಮನೇಲೇ ಇಡಿ. ಊಟದ ಹೊತ್ತಿಗಾದ್ರೂ ಅದು ಅಲ್ಲಿ ತೂಗಲಿ, ಮಕ್ಕಳ ಕಿವಿ ನಮ್ಮ ಮಾತಿಗೆ ಸಿಗಲಿ.